ಆ ‘ಹೌದು’ ವಾಪಸು ತೆಗೆದುಕೊಳ್ಳುತ್ತೇನೆ

ಬದಿಯಡ್ಕ, ಭಾನುವಾರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನಗೆ ಭಾರೀ ಸಿಟ್ಟು. ಆಫೀಸಿನಲ್ಲಿ ಮಲಯಾಳದ ಫಾರಂ ಮಾತ್ರ ಇತ್ತಂತೆ, ಕನ್ನಡದ್ದು ಕೇಳಿದ್ದಕ್ಕೆ ಅಲ್ಲಿ ಕೂತವನು ನಕ್ಕನಂತೆ. ‘ಇದು ರೇಸಿಸಂ ಅಲ್ವಾ ಮಾರಾಯ?’ ಎಂದು ನೀನು ಕೇಳಿದೆ. ನಾನೂ ಸುಮ್ನೆ ಹೌದು ಎಂದೆ. ಫೋನ್ ಇಟ್ಟ ಮೇಲೆ ಆ ಹೌದು ಸರಿಯಲ್ಲ ಅನಿಸಿತು.

1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಲ್ಲಿಂದ ಕನ್ನಡಕ್ಕೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ನಿನ್ನ ಮಗಳು ಚಂದ ಮಲಯಾಳ ಮಾತಾಡಿದರೆ ಅವನು ನಗುವುದಿಲ್ಲ. ರೇಸಿಸಂನಲ್ಲಿ ಹಾಗೆ ದಾಟುವ ದಾರಿಯೇ ಇಲ್ಲ. ಎಷ್ಟು ಓದಿದರೂ ನೀನು ಹುಟ್ಟಿದ್ದೇ ಕೀಳಾಗಿ ಎಂದು ಅದು ಮೊದಲೇ ತೀರ್ಮಾನಿಸಿರುತ್ತದೆ. ಯಾರಿಗೆ ಮನೆ, ಯಾರಿಗೆ ಕೆಲಸ ಎನ್ನುವುದೂ ಅದರ ಮೇಲೆಯೇ ನಿಲ್ಲುತ್ತದೆ. ಆಮೇಲೆ ಯಾರೂ ಬೈಯಬೇಕಾಗಿಲ್ಲ, ಎಲ್ಲ ತನ್ನಿಂತಾನೇ ನಡೆಯುತ್ತದೆ.

1965ರ ವಿಶ್ವಸಂಸ್ಥೆಯ ಒಪ್ಪಂದ ಜನಾಂಗೀಯ ತಾರತಮ್ಯಕ್ಕೆ ವ್ಯಾಖ್ಯೆ ಕೊಡುವಾಗ ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಸಮುದಾಯದ (ಎಥ್ನಿಕ್) ಮೂಲ ಎಂದು ಹೆಸರಿಸುತ್ತದೆ. ಭಾಷೆ ಅದರಲ್ಲಿಲ್ಲ. ತಮಾಷೆ ನೋಡು, ‘ವಂಶ’ ಬೇಕು ಎಂದು ಸೇರಿಸಿದ್ದು ಭಾರತವೇ. 2002ರಲ್ಲಿ ಆ ಒಪ್ಪಂದದ ಸಮಿತಿ, ಹಾಗಾದರೆ ಜಾತಿಯೂ ಅದರೊಳಗೆ ಬಂತು ಎಂದಿತು. ನಮ್ಮ ಸರ್ಕಾರದ್ದು ಒಂದೇ ಹಟ: ಜಾತಿ ಬೇರೆ, ಜನಾಂಗ ಬೇರೆ.

ಬೇರೆಯೇ ಇರಬಹುದು. ಪಂಜಾಬಿನ ಬ್ರಾಹ್ಮಣನಿಗೂ ಅಲ್ಲಿಯ ದಲಿತನಿಗೂ ಜನಾಂಗದಲ್ಲಿ ಏನು ವ್ಯತ್ಯಾಸ ಎಂದು ಅಂಬೇಡ್ಕರ್ 1936ರಲ್ಲೇ ಕೇಳಿದ್ದರು. ಆದರೆ ಜನಾಂಗವಾದರೂ ರಕ್ತದಲ್ಲಿ ಎಲ್ಲಿದೆ? ಅದು ಹೆಚ್ಚಾಗಿ ಸಮಾಜ ಕಟ್ಟಿದ ಕತೆ ಎಂದು ಯುನೆಸ್ಕೋ 1950ರಲ್ಲಿ ಹೇಳಿತು. ರೇಸಿಸಂಗೆ ಕನ್ನಡದಲ್ಲಿ ನಾವು ವರ್ಣಭೇದ ಎನ್ನುತ್ತೇವೆ. ವರ್ಣ ಅಂದರೆ ಬಣ್ಣ ಮಾತ್ರವಾ? ನಾಲ್ಕು ವರ್ಣ ಎಂದು ಹೇಳಿದವರೂ ನಾವೇ ತಾನೇ!

ಅಜ್ಜಿಮನೆಗೆ ಹೆಡಿಗೆ ಹೊತ್ತು ಬರುತ್ತಿದ್ದ, ಊರು ಮುಟ್ಟದೆ ದೂರವಿಟ್ಟಿದ್ದ ಕೊರಗ ಸಮುದಾಯದ ಮುದುಕ ನೆನಪಿದ್ದಾರಾ? ಅಡಿಕೆ ಅಂಗಳದ ಆಚೆ ನಿಲ್ಲುತ್ತಿದ್ದರು. ನಮಗೆ ಸ್ಟೀಲಿನ ಲೋಟ, ಅವರಿಗೆ ತೆಂಗಿನ ಗೆರಟೆಯಲ್ಲಿ ಚಹಾ. ಮೇಲಿನಿಂದ ಹೊಯ್ಯುತ್ತಿದ್ದದ್ದು ನಾನೇ, ತಾಗಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅವರು ಯಾವ ಭಾಷೆ ಕಲಿತಿದ್ದರೆ ಲೋಟ ಸಿಗುತ್ತಿತ್ತು, ಹೇಳು. ಅದೇ ಮನೆಯಲ್ಲಿ ಏನಾದರೂ ಕಳೆದುಹೋದರೆ, ಅದೇ ಕೊರಗರಲ್ಲಿ ಹುಟ್ಟಿ ದೈವವಾದ ಕೊರಗಜ್ಜನಿಗೆ ಚಕ್ಕುಲಿ, ಬೀಡ ಹೇಳಿಕೊಳ್ಳುತ್ತಿದ್ದೆವು.

ಫಾರಂ ವಿಷಯಕ್ಕೆ ಸೋಮವಾರ ನಾನೂ ಬರುತ್ತೇನೆ, ಬಿಡುವುದು ಬೇಡ. ಆ ಮುದುಕರ ಹೆಸರು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನ್ನ ಅಮ್ಮನಲ್ಲಿ ಒಮ್ಮೆ ಕೇಳಿ ನೋಡು.

ನಿನ್ನವ