ಬದುಕುಳಿದ ಮೇಲೆ ಸೋಲುವ ಕಾಲುಗಳು

ಮಾನ್ಯ ಸಂಪಾದಕರೇ,

ಕೀಟನಾಶಕ ದೇಹ ಸೇರಿ ಆಸ್ಪತ್ರೆ ಸೇರಿದವರು ಜೀವಸಹಿತ ಮನೆಗೆ ಮರಳಿದರೆ ಗಂಡಾಂತರ ಕಳೆಯಿತೆಂದೇ ಎಲ್ಲರೂ ಭಾವಿಸುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಭೌತಚಿಕಿತ್ಸಕಿಯಾಗಿರುವ ನನ್ನ ಅನುಭವ ಬೇರೆ. ಹೋದ ಮುಂಗಾರಿನಲ್ಲಿ ಬಂದ ಯುವ ರೈತನೊಬ್ಬ ಕೆಸರುಗದ್ದೆ ದಾಟುವವನಂತೆ ಮೊಣಕಾಲನ್ನು ಎತ್ತೆತ್ತಿ ಇಡುತ್ತಿದ್ದ. ಬಾಗಿಲಲ್ಲೇ ಬಲಗಾಲಿನ ಚಪ್ಪಲಿ ಕಳಚಿದರೂ ಅರಿವಿಲ್ಲದೆ ನಾಲ್ಕು ಹೆಜ್ಜೆ ಒಳಗೆ ಬಂದಿದ್ದ. ಆಸ್ಪತ್ರೆಯಿಂದ ಮನೆಗೆ ಹೋದ ಎರಡು ವಾರಕ್ಕೆ ಮೀನಖಂಡದಲ್ಲಿ ಸೆಳೆತ, ಆಮೇಲೆ ಪಾದಗಳಲ್ಲಿ ಜೋಮು, ಕೊನೆಗೆ ಪಾದವೇ ಜೋತುಬಿದ್ದಿತ್ತು. ಆಸ್ಪತ್ರೆಯ ಚೀಟಿಯಲ್ಲಿದ್ದದ್ದು ಹೊಟ್ಟೆ ಉರಿಯ ಮಾತ್ರೆಯ ಹೆಸರು ಮತ್ತು ಐದು ದಿನ ಬಿಟ್ಟು ಬರುವ ಸೂಚನೆ ಮಾತ್ರ.

ಅನೇಕ ಕೀಟನಾಶಕಗಳು ಸೇರುವ ಆರ್ಗನೋಫಾಸ್ಫೇಟ್ ಗುಂಪಿನ ವಿಷದ ಮೊದಲ ಹೊಡೆತಕ್ಕೆ, ಅಂದರೆ ಜೊಲ್ಲು, ಬೆವರು, ಉಸಿರಾಟದ ತೊಂದರೆಗೆ ಅಟ್ರೋಪಿನ್ ಎಂಬ ಔಷಧಿ ಇದೆ. ಆದರೆ ಈ ಗುಂಪಿನ ಕೆಲವು ರಾಸಾಯನಿಕಗಳು ನರಕೋಶದಲ್ಲಿರುವ ಒಂದು ಕಿಣ್ವವನ್ನೂ ಕೆಡಿಸುತ್ತವೆ. ಆಗ ಒಂದರಿಂದ ಮೂರು ವಾರಗಳಲ್ಲಿ ಉದ್ದನೆಯ ನರಗಳು ತುದಿಯಿಂದ ಸಾಯತೊಡಗುತ್ತವೆ. ಕೈಗಿಂತ ಮೊದಲು ಪಾದ ಸೋಲುವುದು ಅದಕ್ಕೇ. ಇದನ್ನು ಅಟ್ರೋಪಿನ್ ತಡೆಯುವುದಿಲ್ಲ. ಕೀಟನಾಶಕದ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಕ್ಲೋರ್‌ಪೈರಿಫಾಸ್ ಹೆಚ್ಚಿನ ಪ್ರಮಾಣದಲ್ಲಿ ದೇಹ ಸೇರಿದಾಗಲೂ ಹೀಗಾದ ಪ್ರಕರಣಗಳಿವೆ.

ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುವುದು ರೂಢಿ. ವಿಚಿತ್ರವೆಂದರೆ ಈ ರೋಗ ಊರೂರನ್ನೇ ಹಿಡಿದದ್ದು ಅಡುಗೆ ಎಣ್ಣೆಯಿಂದ. 1959ರಲ್ಲಿ ಮೊರಾಕ್ಕೊದ ಮೆಕ್ನೆಸ್‌ನಲ್ಲಿ ಇದೇ ಗುಂಪಿನ ರಾಸಾಯನಿಕವಿದ್ದ ಜೆಟ್ ಎಂಜಿನ್ ತೈಲ ಬೆರೆಸಿದ ಅಡುಗೆ ಎಣ್ಣೆ ತಿಂದು ಸುಮಾರು 10,000 ಜನ ಕೈಕಾಲುಗಳ ಬಲ ಕಳೆದುಕೊಂಡರು. 1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲೂ ಅದೇ ಬಗೆಯ ಕಲಬೆರಕೆ ನೂರಾರು ಜನರ ಕಾಲು ಕಿತ್ತುಕೊಂಡಿತು. ಅಲ್ಲೆಲ್ಲ ನೂರಾರು, ಸಾವಿರಾರು ಜನ ಒಟ್ಟಿಗೆ ಬಿದ್ದದ್ದರಿಂದ ಜಗತ್ತಿಗೆ ತಿಳಿಯಿತು. ನಮ್ಮಲ್ಲಿ ಒಬ್ಬೊಬ್ಬರೇ ಬೀಳುತ್ತಾರೆ, ಮೇಲಾಗಿ ವಿಷ ಕುಡಿದವರೆಂಬ ಮಾತಿಗೆ ಅಂಜಿ ಆಸ್ಪತ್ರೆಯ ಮೆಟ್ಟಿಲನ್ನು ಮತ್ತೆ ಹತ್ತುವುದಿಲ್ಲ.

ಸತ್ತ ನರವನ್ನು ಚಿಗುರಿಸುವ ಔಷಧಿ ಇಲ್ಲವಾದರೂ, ಬೇಗ ಬಂದವರಿಗೆ ಪಾದಪಟ್ಟಿ ಕಟ್ಟಿ, ಹಿಮ್ಮಡಿ ಬಿಗಿಯಾಗದಂತೆ ವ್ಯಾಯಾಮ ಮಾಡಿಸಿ ನಡಿಗೆ ಉಳಿಸಲು ಸಾಧ್ಯವಿದೆ. ಆದ್ದರಿಂದ ವಿಷಪ್ರಾಶನದ ಪ್ರತಿಯೊಬ್ಬ ರೋಗಿಯ ಬಿಡುಗಡೆ ಚೀಟಿಯಲ್ಲೂ ಮೂರನೇ ವಾರದ ತಪಾಸಣೆಯನ್ನು ಕಡ್ಡಾಯವಾಗಿ ಬರೆಯುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕು. ಬರಲಾಗದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿದರೂ ಸಾಕು. ಅದಕ್ಕೆ ಯಂತ್ರವೂ ಬೇಡ, ಅನುದಾನವೂ ಬೇಡ.

– ಭೌತಚಿಕಿತ್ಸಕಿ, ಹಾವೇರಿ ಜಿಲ್ಲೆ