ಶನಿವಾರದ ಪ್ರಯಾಣಕ್ಕೆ ಮುನ್ನ ಟ್ರೇಲರ್ ಬ್ರೇಕ್ ಹೊಂದಿಸಿಕೊಳ್ಳಿ

ಬಳಗದ ಎಲ್ಲರಿಗೂ ನಮಸ್ಕಾರ.

ಶನಿವಾರ ಬೆಳಿಗ್ಗೆ 7 ಗಂಟೆಗೆ ಡೆನ್ವರ್‌ನಿಂದ ಎಸ್ಟೆಸ್ ಪಾರ್ಕ್‌ಗೆ ಪಿಕಪ್ ಟ್ರಕ್ಕಿನ ಹಿಂದೆ ಕ್ಯಾಂಪರ್ (ತಂಗಲು ಬಳಸುವ ಟ್ರೇಲರ್) ಎಳೆದು ತರುವ ಸದಸ್ಯರು, ಟ್ರಕ್ಕಿನಲ್ಲೇ ಅಳವಡಿಸಿರುವ ಟ್ರೇಲರ್ ಬ್ರೇಕ್ ಕಂಟ್ರೋಲರ್ (ಟ್ರೇಲರಿನ ಬ್ರೇಕುಗಳನ್ನು ಚಾಲಕನ ಬಳಿಯಿಂದಲೇ ನಿಯಂತ್ರಿಸುವ ಸಾಧನ) ಅನ್ನು ಶುಕ್ರವಾರವೇ, ಸಾಮಾನು ತುಂಬಿದ ಮೇಲೆ, ಹೊಂದಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲು ಟ್ರಕ್ಕಿನಿಂದ ಟ್ರೇಲರಿಗೆ ವಿದ್ಯುತ್ ಸಂಪರ್ಕ ಕೊಡುವ 7 ಪಿನ್ನಿನ ಪ್ಲಗ್ ಜೋಡಿಸಿ, ಟ್ರೇಲರ್ ಸಂಪರ್ಕಗೊಂಡಿರುವುದನ್ನು ಡ್ಯಾಶ್‌ಬೋರ್ಡಿನಲ್ಲಿ ಖಚಿತಪಡಿಸಿಕೊಳ್ಳಿ. ಬಳಿಕ ವಾಹನಸಂಚಾರವಿಲ್ಲದ, ಒಣಗಿದ, ಸಮತಟ್ಟಾದ ಜಾಗದಲ್ಲಿ ಗಂಟೆಗೆ 20ರಿಂದ 25 ಮೈಲಿ ವೇಗದಲ್ಲಿ ಸಾಗುತ್ತಾ, ಬ್ರೇಕ್ ಪೆಡಲ್ ಮುಟ್ಟದೆ, ಕಂಟ್ರೋಲರಿನ ಕೈಲಿವರನ್ನು ಪೂರ್ತಿ ಒತ್ತಿರಿ. ಟ್ರೇಲರಿನ ಚಕ್ರಗಳು ತಿರುಗದೆ ಉಜ್ಜಿಕೊಂಡು ಬಂದರೆ ಗೇನ್ (ಟ್ರೇಲರಿನ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಮಟ್ಟ) ಇಳಿಸಿ. ಹಿಡಿತ ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ, ಚಕ್ರ ಕಚ್ಚಿಕೊಳ್ಳುವ ಮಟ್ಟಕ್ಕಿಂತ ತುಸು ಕೆಳಗೆ ನಿಲ್ಲಿಸಿ. ಫೋರ್ಡ್ ಎಫ್-150ರಲ್ಲಿ ಗೇನ್ 0ರಿಂದ 10ರವರೆಗೆ ಇದೆ. ಆದರೆ ಪಕ್ಕದವರ ಅಂಕಿಯನ್ನು ಕೇಳಿ ಇಟ್ಟುಕೊಳ್ಳುವುದು ವ್ಯರ್ಥ, ಏಕೆಂದರೆ ಅದು ನಿಮ್ಮ ಟ್ರೇಲರಿನ ತೂಕ ಮತ್ತು ಬ್ರೇಕಿನ ಸ್ಥಿತಿಯನ್ನು ಅವಲಂಬಿಸಿದೆ. ದಾರಿಯಲ್ಲಿ ನೀರಿನ ಟ್ಯಾಂಕ್ ತುಂಬಿಸಿದರೆ ಅಥವಾ ಮಳೆ ಬಂದರೆ ಮತ್ತೊಮ್ಮೆ ಪರೀಕ್ಷಿಸಿ.

ಟ್ರೇಲರ್ ಅತ್ತಿತ್ತ ತೂಗಾಡತೊಡಗಿದರೆ ಟ್ರಕ್ಕಿನ ಬ್ರೇಕ್ ತುಳಿಯದೆ, ಆಕ್ಸಿಲರೇಟರ್ ಬಿಟ್ಟು ಕೈಲಿವರನ್ನಷ್ಟೇ ಮೆಲ್ಲಗೆ ಒತ್ತಿರಿ. ಮರಳುವಾಗ ದಾರಿಯ ಲಯನ್ಸ್ ಪಟ್ಟಣದವರೆಗಿನ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಬನ್ನಿ.

ಪರೀಕ್ಷೆ ಮುಗಿಸಿದವರು ಶುಕ್ರವಾರ ರಾತ್ರಿ 9ರೊಳಗೆ ಇಲ್ಲಿ ತಿಳಿಸಿ. ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟಿದ್ದರೆ ಈಗಲೇ ಹೇಳಿ, ನನ್ನ ಬಳಿ ಹೆಚ್ಚುವರಿ ಪ್ಲಗ್ ಒಂದಿದೆ.