ಡ್ಯಾಶ್‌ಬೋರ್ಡ್ ಆಮೇಲೆ, ಮೊದಲು ದತ್ತಾಂಶದ ಕಡತ ಕೊಡಿ

ಮಾನ್ಯರೇ,

ನೆರೆ ಬರಲಿ, ಡೆಂಗಿ ಬರಲಿ, ನಮ್ಮಲ್ಲಿ ಮೊದಲು ಉದ್ಘಾಟನೆಯಾಗುವುದು ಅಂಕಿಗಳನ್ನು ನಕ್ಷೆ, ಚಿತ್ರಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್. ಅದರ ಹಿಂದಿನ ಅಂಕಿಗಳನ್ನು ಕೇಳಿದರೆ ಪಿಡಿಎಫ್ ಕೈಗಿಡುತ್ತಾರೆ. ಅದೂ ಕೆಲವೊಮ್ಮೆ ಸ್ಕ್ಯಾನ್ ಮಾಡಿದ್ದು. ಕೆಲವೊಮ್ಮೆ ಹಳೆಯ ‘ನುಡಿ’ ಫಾಂಟಿನದ್ದು, ನಕಲು ಮಾಡಿ ಅಂಟಿಸಿದರೆ ಯಾವ ಭಾಷೆಯೂ ಅಲ್ಲದ ಅಕ್ಷರಗಳ ರಾಶಿ.

2020ರ ಮಾರ್ಚ್‌ನಲ್ಲಿ ಶುರುವಾಗಿ 2021ರ ಅಕ್ಟೋಬರ್ 31ಕ್ಕೆ ನಿಂತ ‘ಕೋವಿಡ್19ಇಂಡಿಯಾ’ ತಾಣವನ್ನು ನಡೆಸಿದವರು ಸ್ವಯಂಸೇವಕರು. ರಾಜ್ಯಗಳ ಬುಲೆಟಿನ್‌ಗಳಿಂದ ಅಂಕಿ ಹೆಕ್ಕಿ, ತಾಳೆ ನೋಡಿ, ಯಾರು ಬೇಕಾದರೂ ಇಳಿಸಿಕೊಳ್ಳುವಂಥ ಕಡತವಾಗಿ ಇಟ್ಟರು. ತಂತ್ರಾಂಶದ ಕೋಡ್ ಕೂಡ ಮುಕ್ತವಾಗಿತ್ತು. ಸರ್ಕಾರಗಳು ಬುಲೆಟಿನ್ ಜೊತೆಗೆ, ಕಂಪ್ಯೂಟರ್ ನೇರವಾಗಿ ಓದಬಲ್ಲ ಸರಳ ಕೋಷ್ಟಕದ ರೂಪದ ಒಂದು ಸಿಎಸ್‌ವಿ ಕಡತ ಕೊಟ್ಟಿದ್ದರೆ ಆ ದುಡಿಮೆಯ ಬಹುಪಾಲು ಬೇಕೇ ಇರಲಿಲ್ಲ.

ಇಂಥ ವೇದಿಕೆಗಳು ಮುಗ್ಗರಿಸುವುದು ಹೆಚ್ಚಾಗಿ ಊರಿನ ಹೆಸರಲ್ಲಿ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಕೆಲವು ಕಡತಗಳು ಇನ್ನೂ ಹಳೆಯ ಹೆಸರಲ್ಲೇ ಇವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಇದು ಗೊತ್ತಿಲ್ಲದ ತಂತ್ರಾಂಶಕ್ಕೆ ಬಳ್ಳಾರಿಯಲ್ಲಿ ರೋಗವೇ ಇಳಿದಂತೆ ಕಾಣುತ್ತದೆ. ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಕನ್ನಡದಲ್ಲಿ ಇನ್ನೊಂದು ಕಾಟ: ಪದದೊಳಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡರೆ ಒಂದೇ ತಾಲ್ಲೂಕು ಎರಡಾಗಿ ಎಣಿಕೆಗೆ ಬರುತ್ತದೆ. ಮದ್ದು ಹೊಸದೇನಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಹಳ್ಳಿಗೆ ಒಂದು ಸಂಖ್ಯೆ ಕೊಟ್ಟಿದೆ. ಕರ್ನಾಟಕದ್ದು 29, ಜಿಎಸ್‌ಟಿ ಬಿಲ್ಲಿನಲ್ಲಿ ಕಾಣುವ ಅದೇ 29. ಹೆಸರಿನ ಪಕ್ಕ ಈ ಸಂಖ್ಯೆಯ ಕಾಲಂ ಇದ್ದರೆ ಜಗಳ ಮುಗಿಯಿತು.

ಕೋಷ್ಟಕದ ಖಾಲಿ ಕೋಶವೂ ಸೊನ್ನೆಯೂ ಒಂದೇ ಅಲ್ಲ. ಸೊನ್ನೆ ಎಂದರೆ ನೋಡಿದೆವು, ಪ್ರಕರಣ ಇಲ್ಲ. ಖಾಲಿ ಎಂದರೆ ವರದಿಯೇ ಬಂದಿಲ್ಲ. ಎರಡನ್ನೂ ಸೊನ್ನೆ ಮಾಡಿದರೆ ಮಾತೇ ಆಡದ ತಾಲ್ಲೂಕು ಸುರಕ್ಷಿತ ತಾಲ್ಲೂಕಾಗಿಬಿಡುತ್ತದೆ. ದಿನಾಂಕವನ್ನು 2020-04-03 ಎಂದು ವರ್ಷದಿಂದ ಬರೆಯಬೇಕು. 03/04 ಎಂದರೆ ಏಪ್ರಿಲ್ಲೋ ಮಾರ್ಚೋ? ಇನ್ನು ಎಕ್ಸೆಲ್. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ 15,841 ಪಾಸಿಟಿವ್ ಪ್ರಕರಣಗಳು ಲೆಕ್ಕದಿಂದ ಜಾರಿದ್ದು ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಯದ ಕಾರಣ. ಅವರ ಸಂಪರ್ಕಿತರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಗೆ ಇದನ್ನು ಹೊಂದಿಸಿ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗದಲ್ಲಿ ಮಂಗಗಳ ಸಾವೇ ಮುನ್ಸೂಚನೆ: ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಸೊಪ್ಪು, ಸೌದೆಗೆ ಹೋದವರನ್ನು ಹತ್ತುತ್ತವೆ. ಹಾಗಾಗಿ ಒಂದೊಂದು ಮಂಗನ ಸಾವಿಗೂ ಒಂದೊಂದು ಸಾಲು ಇರಲಿ. ಕಂಡ ದಿನ, ಜಿಪಿಎಸ್ ಗುರುತು, ಹಳ್ಳಿಯ ಸಂಖ್ಯೆ, ಮಾದರಿ ಕಳಿಸಿದ ದಿನ, ಫಲಿತಾಂಶ ಬಂದ ದಿನ, ಸುತ್ತ ಕೀಟನಾಶಕ ಪುಡಿ ಸಿಂಪಡಿಸಿದ ದಿನ. ನಾಲ್ಕು ದಿನಾಂಕಗಳ ನಡುವಿನ ಅಂತರವನ್ನು ಕಳೆದು ನೋಡಿದರೆ ಎಲ್ಲಿ ತಡವಾಗುತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. (ಬಹುಶಃ ಕಡತ ಹೊರಬರದಿರಲು ಇದೂ ಒಂದು ಕಾರಣ.)

ಮಂಗನಿಗೆ ಖಾಸಗಿತನದ ಪ್ರಶ್ನೆ ಇಲ್ಲ, ಮನುಷ್ಯರಿಗೆ ಇದೆ. ಐವತ್ತು ಮನೆಯ ಹಳ್ಳಿಯಲ್ಲಿ ‘ಹೆಣ್ಣು, 43 ವರ್ಷ’ ಎಂದು ಹಾಕಿದರೆ ಹೆಸರು ಹಾಕಿದಂತೆಯೇ. ರೋಗಿಗಳ ಸಂಖ್ಯೆ ಐದಕ್ಕಿಂತ ಕಡಿಮೆ ಇರುವಲ್ಲಿ ಹಳ್ಳಿ ಬಿಟ್ಟು ತಾಲ್ಲೂಕಿನ ಮೊತ್ತವನ್ನಷ್ಟೇ ಪ್ರಕಟಿಸಬೇಕು. ವಯಸ್ಸನ್ನು ಹತ್ತು ವರ್ಷಗಳ ಗುಂಪಾಗಿ ಕೊಡಬೇಕು.

ತಪ್ಪು ತಿದ್ದಿದಾಗ ಹಳೆಯ ಕಡತ ಅಳಿಸದೆ ಹೊಸದನ್ನು ಪಕ್ಕದಲ್ಲಿಡಬೇಕು. ಮರುಬಳಕೆಗೆ ಲಿಖಿತ ಪರವಾನಗಿಯೂ ಬೇಕು. ಅದಕ್ಕೆ ಕೇಂದ್ರದ 2017ರ ಮುಕ್ತ ದತ್ತಾಂಶ ಪರವಾನಗಿ ಸಾಕು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಆ ವರ್ಷದ ದೈನಿಕ ಬುಲೆಟಿನ್‌ಗಳು ಇಲಾಖೆಯಲ್ಲೇ ಇವೆ. ಅವನ್ನು ಸಿಎಸ್‌ವಿ ಮಾಡಿ ಪ್ರಕಟಿಸಲು ಟೆಂಡರ್ ಕರೆಯಬೇಕಿಲ್ಲ.

ಇಂತಿ,
ಸಾರ್ವಜನಿಕ ದತ್ತಾಂಶದ ಕೆಲಸದಲ್ಲಿರುವ ಕೆಲವು ಓದುಗರು, ಬೆಂಗಳೂರು